ನನ್ನ ಭಾಮೈದನ ಕೈಗುಣ

ನನ್ನ ಹೆಂಡತಿಯ ತಮ್ಮನಿಗೆ ಈಗ ನಲವತ್ತೊಂದು ವರ್ಷ. ಮೀಸೆಯಲ್ಲಿ ಬಿಳಿ ಕೂದಲು ಇಣುಕುತ್ತಿದೆ, ಹೊಟ್ಟೆ ಮತ್ತೆ ಅಂಗಿಯ ಗುಂಡಿಯೊಂದಿಗೆ ಜಗಳಕ್ಕೆ ಬಿದ್ದಿದೆ, ಆದರೂ ಮನೆಯಲ್ಲಿ ಅವನು ಪುಟ್ಟ. ನಮ್ಮ ಅಂಗಡಿಗೆ ಬರುವವರಿಗೂ ಪುಟ್ಟ. ಅವನ ಬಗ್ಗೆ ನಾಲ್ಕು ಮಾತು ಹೇಳೋಣವೆಂದು ಕೂತಿದ್ದೇನೆ. ನಾಲ್ಕರಲ್ಲಿ ಮುಗಿಯುವುದಿಲ್ಲ, ಏಕೆಂದರೆ ನಾನು ಮೊದಲಿನಿಂದಲೂ ವಾಚಾಳಿ. ಅದರ ಮೇಲೆ ಮೂರು ತಿಂಗಳು ಮಾತು ಕಳೆದುಕೊಂಡು, ಒಂದೊಂದೇ ಹೆಕ್ಕಿ ವಾಪಸ್ಸು ತಂದುಕೊಂಡವನು. ಇನ್ನೇಕೆ ಜಿಪುಣತನ ಮಾಡಲಿ? ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಪುಟ್ಟನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಹದಿನಾಲ್ಕು ವರ್ಷದಿಂದ ಇದೆ. ಸ್ಟ್ರೋಕ್ ಹೊಡೆದು ಬಲಗೈ ಹೋಯಿತು, ಬಾಯಿ ಹೋಯಿತು, ಈ ಹೊಟ್ಟೆಕಿಚ್ಚು ಮಾತ್ರ ಎಲ್ಲಿಗೂ ಹೋಗಲಿಲ್ಲ.

ನಮ್ಮದು ಎರಡು ಕುರ್ಚಿಯ ಕ್ಷೌರದಂಗಡಿ. ಬಾಗಿಲ ಪಕ್ಕದ ಕುರ್ಚಿ ನನ್ನದು, ಒಳಗಿನದು ಪುಟ್ಟನದು. ಎದುರಿಗೆ ಗೋಡೆಯುದ್ದಕ್ಕೂ ಒಂದೇ ಕನ್ನಡಿ. ಆ ಕನ್ನಡಿಯನ್ನು ಎರಡು ತುಂಡಾಗಿ ಹಾಕಿಸಿದ್ದರೆ ನನ್ನ ಆರೋಗ್ಯ ಇನ್ನಷ್ಟು ಚೆನ್ನಾಗಿರುತ್ತಿತ್ತೋ ಏನೋ. ಒಂದೇ ಕನ್ನಡಿಯಾದ್ದರಿಂದ ಕತ್ತರಿ ನನ್ನ ಗಿರಾಕಿಯ ತಲೆಯ ಮೇಲೆ, ಕಣ್ಣು ಅವನ ಕುರ್ಚಿಯ ಮೇಲೆ.

ಹದಿನಾಲ್ಕು ವರ್ಷದ ಹಿಂದೆ ಅವನು ಕೆಲಸ ಮಾಡುತ್ತಿದ್ದ ಬಿಸ್ಕತ್ತು ಕಾರ್ಖಾನೆ ಮುಚ್ಚಿತು. ನನ್ನ ಹೆಂಡತಿ ಇಸ್ತ್ರಿ ಅಂಗಡಿ ಇಟ್ಟವಳು. ನನ್ನ ಅಂಗಿಯನ್ನು ಎಂದೂ ಇಲ್ಲದಷ್ಟು ನೀಟಾಗಿ ಉಜ್ಜುತ್ತಾ, "ರೀ, ನಮ್ಮ ಪುಟ್ಟಂಗೆ ಏನಾದ್ರೂ ಕಲಿಸ್ರೀ, ಸುಮ್ನೆ ಕೂತು ಕೂತು ಮಂಕಾಗ್ತಿದಾನೆ" ಎಂದಳು. ಕಲಿಸಿದೆ. ನಮ್ಮ ಕಸುಬಿನಲ್ಲಿ ಹೊಸಬರಿಗೆ ಮೊದಲು ಬಲೂನು ಕೊಡುತ್ತೇವೆ. ಊದಿದ ಬಲೂನಿಗೆ ನೊರೆ ಹಚ್ಚಿ, ಕತ್ತಿಯಿಂದ ನೊರೆ ಮಾತ್ರ ತೆಗೆಯಬೇಕು, ಬಲೂನು ಒಡೆಯಬಾರದು. ನಾನು ಕಲಿಯುವಾಗ ಹನ್ನೊಂದು ಒಡೆದಿದ್ದೆ, ಅದನ್ನು ಅವನಿಗೂ ಹೇಳಿದ್ದೆ. ಪುಟ್ಟ ಮೂರು ಒಡೆದ. ನಾಲ್ಕನೆಯದನ್ನು ಫಳಫಳ ಹೊಳೆಯುವ ಹಾಗೆ ಬೋಳಿಸಿ ನನ್ನ ಮುಖ ನೋಡಿದ. "ಪರವಾಗಿಲ್ಲ" ಎಂದೆ. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಆವತ್ತೇ.

ಎಲ್ಲ ಕಲಿಸಿ, ಕೊನೆಗೆ ಕುತ್ತಿಗೆಯ ನೆಟಿಕೆ ತೆಗೆಯುವುದನ್ನೂ ಕಲಿಸಿದೆ. ಕಟಿಂಗ್ ಮುಗಿದ ಮೇಲೆ ಹೆಗಲು ತಿಕ್ಕಿ, ಗದ್ದದ ಕೆಳಗೊಂದು ಕೈ, ತಲೆಯ ಹಿಂದೊಂದು ಕೈ ಇಟ್ಟು ಕತ್ತನ್ನು ಒಮ್ಮೆಗೇ ತಿರುವಿದರೆ ಟಕ್ ಅನ್ನುತ್ತದೆ, ಗಿರಾಕಿ 'ಆಹಾ' ಅನ್ನುತ್ತಾನೆ. ಅದು ನನ್ನ ಗುರುವಿನಿಂದ ನನಗೆ ಬಂದದ್ದು. ಅದಕ್ಕೆ ಒಂದೇ ಕಟ್ಟಳೆ: ಬಿಗಿ ಹಿಡಿದ ಕತ್ತನ್ನು ತಿರುವಬಾರದು. ನಾನು ಒಂದು ನಗೆಮಾತು ಬಿಡುತ್ತಿದ್ದೆ, ಗಿರಾಕಿ ನಗುವಾಗ ಕತ್ತು ಸಡಿಲವಾಗುತ್ತಿತ್ತು, ಆಗ ಟಕ್. ಪುಟ್ಟನಿಗೆ ನಗೆಮಾತು ಎಲ್ಲಿಂದ ಬರಬೇಕು? ದಿನಕ್ಕೆ ಅವನ ಬಾಯಿಂದ ಉದುರುವುದು ಹತ್ತು ಮಾತು. ಅದರಲ್ಲಿ ಎಂಟು 'ಹೂಂ'. ಅವನು ಕೈ ಇಟ್ಟು ಸುಮ್ಮನೆ ಕಾಯುತ್ತಿದ್ದ. ಕತ್ತು ತಾನಾಗಿ ಅವನ ಅಂಗೈಗೆ ಬಂದು ಕೂರುವವರೆಗೆ ಕಾಯುತ್ತಿದ್ದ. ಆಮೇಲೆ ತಿರುವಿದ್ದೇ ಗೊತ್ತಾಗುತ್ತಿರಲಿಲ್ಲ.

ಜನಕ್ಕೆ ಅದು ಹಿಡಿಸಿತು. ಮೊದಮೊದಲು ನನ್ನ ಕುರ್ಚಿ ತುಂಬಿದ್ದಾಗ ಅವನ ಕಡೆ ಹೋಗುತ್ತಿದ್ದರು. ಬರಬರುತ್ತಾ ನನ್ನ ಕುರ್ಚಿ ಖಾಲಿ ಇದ್ದರೂ ಬೆಂಚಿನ ಮೇಲೆ ಕೂತು ಪೇಪರ್ ಬಿಡಿಸತೊಡಗಿದರು. ನಾನು ಟವೆಲ್ ಕೊಡವಿ "ಬನ್ನಿ ಬನ್ನಿ" ಎಂದರೆ, "ಪರವಾಗಿಲ್ಲ, ಪುಟ್ಟನಿಗೆ ಕಾಯ್ತೀನಿ, ಅರ್ಜೆಂಟಿಲ್ಲ" ಅನ್ನುವರು. ಅರ್ಜೆಂಟಿಲ್ಲವಂತೆ! ನನ್ನ ಕಡೆ ಬಂದಾಗ ಇವರೆಲ್ಲ ರೈಲು ಹಿಡಿಯುವವರ ಹಾಗೆ ಗಡಿಯಾರ ನೋಡುತ್ತಿದ್ದವರು.

ಎಲ್ಲರನ್ನೂ ತಡೆದುಕೊಂಡೆ. ಪೋಸ್ಟ್ ಮಾಸ್ಟರನ್ನು ತಡೆದುಕೊಳ್ಳಲಾಗಲಿಲ್ಲ. ಈಗ ರಿಟೈರಾಗಿದ್ದಾರೆ. ಇಪ್ಪತ್ತೆರಡು ವರ್ಷ ನನ್ನ ಕುರ್ಚಿಯಲ್ಲೇ ಕೂತ ತಲೆ ಅದು. ಅವರ ನೆತ್ತಿ ಬಟ್ಟಬಯಲಾಗುವುದನ್ನು ಇಂಚಿಂಚಾಗಿ ನೋಡಿದವನು ನಾನು. ಪಕ್ಕದ ಕೂದಲನ್ನು ಉದ್ದ ಬಿಟ್ಟು, ಅಡ್ಡ ಬಾಚಿ, ಮಾನ ಮುಚ್ಚಿದವನೂ ನಾನೇ. ಒಂದು ದಿನ ಅವರು ಒಳಗೆ ಬಂದು, ನನ್ನನ್ನು ನೋಡಿ ನಕ್ಕು, ನನ್ನ ಕುರ್ಚಿಯನ್ನು ದಾಟಿ ಹೋಗಿ ಅವನ ಕುರ್ಚಿಯಲ್ಲಿ ಕೂತರು.

"ಬೇಜಾರ್ ಮಾಡ್ಕೋಬೇಡಪ್ಪ," ಎಂದರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ. "ಒಂದ್ವಾರದಿಂದ ಕುತ್ತಿಗೆ ಹಿಡ್ಕೊಂಡಿದೆ. ನೆಟಿಕೆ ತೆಗೆಯೋದ್ರಲ್ಲಿ ಪುಟ್ಟನ ಕೈಗುಣಾನೇ ಬೇರೆ."

"ಯಾಕ್ ಬೇಜಾರು ಸಾರ್? ನಾನೇ ಕಲಿಸಿದ್ದು," ಎಂದೆ.

"ಕಲಿಸಿದ್ದು ನೀನಿರಬಹುದು. ಕೈಗುಣ ಕಲಿಸೋಕಾಗುತ್ತಾ?"

ಮೈಯೆಲ್ಲ ಉರಿದುಹೋಯಿತು. ಪುಟ್ಟ ತಲೆ ತಗ್ಗಿಸಿಕೊಂಡು ಅವರ ಕೆಲಸ ಮುಗಿಸಿದ. ಕೊನೆಗೆ ಟಕ್ ಅಂತು. ಪೋಸ್ಟ್ ಮಾಸ್ಟರು ಕಣ್ಣು ಮುಚ್ಚಿ, "ಆಹಾ, ಇದಪ್ಪಾ" ಎಂದರು. ಬೆಂಚಿನ ಮೇಲಿದ್ದ ಇಬ್ಬರೂ ನಕ್ಕರು. ಅವರು ಎದ್ದ ಕೂಡಲೇ ನಾನು ಹೋಗಿ ಆ ಕುರ್ಚಿಯಲ್ಲಿ ಧೊಪ್ಪನೆ ಕೂತೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ.

"ನಂಗೂ ತೆಗಿ. ನೋಡೇಬಿಡ್ತೀನಿ, ಅದೇನು ಕೈಗುಣ ಅಂತ."

"ಬೇಡ ಭಾವ," ಎಂದ.

"ಯಾಕೆ, ನನ್ನ ಕತ್ತು ಕತ್ತಲ್ವಾ?"

ಅವನು ಕೈ ಇಟ್ಟ. ಇಟ್ಟು ಕಾದ. ನಾನು ಆಗ ಮಾಡಿದ್ದನ್ನು ಕ್ಷೌರದ ಕಸುಬಿನವನಲ್ಲದೆ ಬೇರೆ ಯಾರೂ ಮಾಡಲಾರರು, ಮಾಡಬೇಕೆಂದು ಹೊಳೆಯುವುದೂ ಇಲ್ಲ. ಕತ್ತನ್ನು ಬೇಕೆಂತಲೇ ಬಿಗಿ ಹಿಡಿದೆ. ಹೊರಗೆ ಕಾಣದ ಹಾಗೆ, ಹೆಗಲು ಸಡಿಲ ಬಿಟ್ಟು, ಒಳಗಿನಿಂದ ಗಟ್ಟಿ ಮಾಡಿದೆ. ಟಕ್ ಅನ್ನಬಾರದು, ಪೋಸ್ಟ್ ಮಾಸ್ಟರ ಎದುರಿಗೇ ಇವನ ಕೈಗುಣದ ಬಂಡವಾಳ ಬಯಲಾಗಬೇಕು, ಅಷ್ಟೇ ನನ್ನ ಲೆಕ್ಕ. ಅವನು ಮೆಲ್ಲಗೆ ತಿರುವಿ ನೋಡಿದ. ಏನೂ ಆಗಲಿಲ್ಲ. ನಾನು ಕನ್ನಡಿಯಲ್ಲಿ ಪೋಸ್ಟ್ ಮಾಸ್ಟರಿಗೆ ಕಣ್ಣು ಹೊಡೆದು, "ಇಷ್ಟೇನಾ? ಊಟ ಮಾಡಿಲ್ವೇನೋ? ಜೋರಾಗಿ ತೆಗಿಯೋ!" ಎಂದೆ. ಎಲ್ಲರೂ ನಕ್ಕರು. ಮರುಕ್ಷಣ ಅವನು ಜೋರಾಗಿ ತಿರುವಿದ. ಟಕ್ ಅಂತು. ಪೋಸ್ಟ್ ಮಾಸ್ಟರು ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ಹೆಂಡತಿ ಊಟದ ಡಬ್ಬಿ ತಂದಳು. ಎಂದಿನಂತೆ ಪುಟ್ಟನದು ದೊಡ್ಡ ಡಬ್ಬಿ. ನನಗೆ ಎಡಗಡೆ ಕುತ್ತಿಗೆಯಿಂದ ಕಣ್ಣಿನವರೆಗೆ ನೋಯುತ್ತಿತ್ತು. ಹೇಳಲಿಲ್ಲ; ಹೇಳಿದರೆ ಅವನ ಕೈಗೆ ನಾನು ಸೋತಂತೆ ಆಗುತ್ತಿತ್ತಲ್ಲ. ಊಟವಾದ ಮೇಲೆ ಒಬ್ಬ ಮೇಷ್ಟ್ರ ತಲೆ ಹಿಡಿದೆ. ಕನ್ನಡಿಯಲ್ಲಿ ನೋಡಿದರೆ ನನ್ನ ಎಡಗಣ್ಣಿನ ರೆಪ್ಪೆ ಇಳಿಬಿದ್ದಿದೆ. ಬಾಚಣಿಗೆ ಕೈಯಿಂದ ಜಾರಿ ಬಿತ್ತು. ಎತ್ತಿಕೊಂಡೆ, ಮತ್ತೆ ಬಿತ್ತು. ಮೇಷ್ಟ್ರು "ಏನಪ್ಪಾ, ಜ್ಞಾನ ಎಲ್ಲಿದೆ?" ಎಂದು ನಕ್ಕರು. ಅವರಿಗೊಂದು ಖಡಕ್ ಉತ್ತರ ಕೊಡೋಣವೆಂದು ಬಾಯಿ ತೆರೆದೆ. ಹೊರಗೆ ಬಂದದ್ದು ಮಾತಲ್ಲ, ಬರೀ ಶಬ್ದ.

ನನಗಿಂತ ಮೊದಲು ಕಂಡುಕೊಂಡವನು ಪುಟ್ಟ. ಅದೇ ಕನ್ನಡಿಯಲ್ಲಿ ನನ್ನ ಬಾಯಿ ಒಂದು ಕಡೆಗೆ ವಾಲಿದ್ದನ್ನು ನೋಡಿದವನೇ, ತನ್ನ ಗಿರಾಕಿಯನ್ನು ಅರ್ಧ ಗಡ್ಡದಲ್ಲಿ ಬಿಟ್ಟು ಬಂದು, ನನ್ನನ್ನು ಮಗುವಿನಂತೆ ಎತ್ತಿಕೊಂಡು ಬೀದಿಗಿಳಿದ. ಸಿಕ್ಕ ವ್ಯಾನು ನಿಲ್ಲಿಸಿದ. ಒಂದು ಗಂಟೆಯೊಳಗೆ ಆಸ್ಪತ್ರೆಯ ಮೇಜಿನ ಮೇಲೆ ಮಲಗಿದ್ದೆ. ಸ್ವಲ್ಪ ತಡವಾಗಿದ್ದರೂ ನಾನು ಈ ಕಥೆ ಹೇಳಲು ಇರುತ್ತಿರಲಿಲ್ಲ ಎಂದು ಆಮೇಲೆ ಎಲ್ಲರೂ ನನಗೆ ಹೇಳಿದ್ದೇ ಹೇಳಿದ್ದು. ಅವನೇ ಹೊತ್ತು ತಂದದ್ದಂತೆ, ಅವನೇ ಉಳಿಸಿದ್ದಂತೆ. ಸಾವಿನಿಂದ ಉಳಿಯುವುದಕ್ಕೂ ನನಗೆ ಅವನ ಕೈಗುಣವೇ ಬೇಕಾಯಿತು ನೋಡಿ.

ಡಾಕ್ಟರಮ್ಮ ನನ್ನ ಹೆಂಡತಿಗೆ ಹೇಳುತ್ತಿದ್ದುದು ಕಿವಿಗೆ ಬೀಳುತ್ತಿತ್ತು. ಎಡಗಡೆ ಕುತ್ತಿಗೆಯಲ್ಲಿ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳವಿದೆ, ಅದರ ಒಳಪದರ ಹರಿದಿದೆ. ಹರಿದಲ್ಲಿ ರಕ್ತ ಹೆಪ್ಪುಗಟ್ಟಿ, ಒಂದು ಚೂರು ಮೇಲಕ್ಕೆ ಹೋಗಿ ಮಿದುಳಿನಲ್ಲಿ ಸಿಕ್ಕಿಕೊಂಡಿದೆ. ತೊಡೆಯ ಸಂದಿಯಿಂದ ತೆಳ್ಳನೆ ಕೊಳವೆ ಹಾಕಿ ಆ ಚೂರನ್ನು ತೆಗೆಯುತ್ತೇವೆ, ಹರಿದ ಕಡೆ ಸ್ಟೆಂಟ್ ಕೂರಿಸುತ್ತೇವೆ. ಸ್ಟೆಂಟ್ ಅಂದರೆ ಪೆನ್ನಿನ ಸ್ಪ್ರಿಂಗಿನಷ್ಟು ಸಣ್ಣ, ತಂತಿ ಬಲೆಯ ಕೊಳವೆ. ಒಳಗಿನಿಂದ ಒತ್ತಿ ನಾಳವನ್ನು ತೆರೆದಿಡುತ್ತದೆ.

"ಕುತ್ತಿಗೆಗೆ ಪೆಟ್ಟೇನಾದ್ರೂ ಬಿದ್ದಿತ್ತಾ? ಯಾರಾದ್ರೂ ತಿರುಚಿದ್ರಾ?" ಎಂದು ಡಾಕ್ಟರಮ್ಮ ಕೇಳಿದರು.

"ಇಲ್ಲಮ್ಮ, ಬೆಳಗ್ಗೆ ಚೆನ್ನಾಗೇ ಹೋದ್ರು," ಎಂದಳು ಹೆಂಡತಿ. ಪುಟ್ಟ ಆಗ ಅಲ್ಲಿರಲಿಲ್ಲ, ಔಷಧಿ ತರಲು ಓಡಿದ್ದ. ನನಗೆ ಉತ್ತರ ಗೊತ್ತಿತ್ತು. ಬಾಯಿ ತೆರೆದೆ. "ಅದು… ಅದು…" ಎಂದೆ. ಅಷ್ಟೇ. ಮೂವತ್ತು ವರ್ಷ ಬೀದಿಗೆಲ್ಲ ಸುದ್ದಿ ಹಂಚಿದ ಬಾಯಿ, ತನ್ನ ಜೀವನದ ಅತಿ ದೊಡ್ಡ ಸುದ್ದಿಯನ್ನು ಇಟ್ಟುಕೊಂಡು ಬಾಗಿಲು ಹಾಕಿಕೊಂಡಿತ್ತು.

ಕೊಳವೆ ಹಾಕುವಾಗ ಎಚ್ಚರವಾಗಿದ್ದೆ. ನೋವು ಅಷ್ಟಿರಲಿಲ್ಲ, ಕುತ್ತಿಗೆಯೊಳಗೆ ಯಾರೋ ಬೆರಳಾಡಿಸಿದಂತೆ ಅನಿಸಿತು. ಮುಗಿದ ಮೇಲೆ ಕಾಲು ಮಡಚಬಾರದೆಂದು ಗಂಟೆಗಟ್ಟಲೆ ಮಲಗಿಸಿದ್ದರು. ಮರುದಿನ ಬೆಳಗ್ಗೆ ಬಲಗಾಲು ಎತ್ತಲು ಬಂತು. ಬಲಗೈ ಮಾತ್ರ ಒಗೆದು ಹಾಕಿದ ಬಟ್ಟೆಯಂತೆ ಪಕ್ಕದಲ್ಲಿ ಬಿದ್ದಿತ್ತು. ಮಾತಿನಲ್ಲಿ 'ಅದು' ಉಳಿದಿತ್ತು, ಜೊತೆಗೆ ಹೇಗೋ 'ದರಿದ್ರ' ಎಂಬ ಬೈಗುಳ ಉಳಿದಿತ್ತು. ಡಾಕ್ಟರಮ್ಮ ನನ್ನ ಹೆಂಡತಿಯನ್ನು ತೋರಿಸಿ, "ಇವರು ಯಾರು ಹೇಳಿ?" ಎಂದರು. "ದರಿದ್ರ," ಎಂದೆ. ಹೆಂಡತಿ ನಗುತ್ತಾ ನಗುತ್ತಾ ಅತ್ತುಬಿಟ್ಟಳು.

ಮನೆಗೆ ಬಂದ ಮೇಲೆ ಶುರುವಾಯಿತು ನಿಜವಾದ ಶಿಕ್ಷೆ. ದಿನ ಬಿಟ್ಟು ದಿನ ಬೆಳಗ್ಗೆ, ಅಂಗಡಿ ತೆಗೆಯುವ ಮುಂಚೆ, ಪುಟ್ಟ ನನಗೆ ಗಡ್ಡ ಮಾಡಲು ಬರುತ್ತಿದ್ದ. ಹೆಂಡತಿ ಅವನಿಗೆ ಮೊದಲು ಕಾಫಿ ಕೊಡುತ್ತಿದ್ದಳು, ಆಮೇಲೆ ನನಗೆ. "ನನ್ ತಮ್ಮ ಇಲ್ದಿದ್ರೆ ನಿಮ್ ಗತಿ ಏನಾಗ್ತಿತ್ತು?" ಎಂದು ನೋಡಲು ಬಂದವರ ಎದುರೆಲ್ಲ ಹೇಳುವಳು. ನಾನು "ದರಿದ್ರ" ಅನ್ನುವೆ. ಕಾಯಿಲೆಯವನ ಮಾತೆಂದು ಅವರು ಮರುಗುವರು. ಕಾಯಿಲೆಯಲ್ಲ ಮಹಾರಾಯರೇ, ಅದು ನನ್ನ ಅಭಿಪ್ರಾಯ!

ರಕ್ತ ಹೆಪ್ಪುಗಟ್ಟದಿರಲೆಂದು ಎರಡು ಬಗೆಯ ಮಾತ್ರೆ ಕೊಟ್ಟಿದ್ದರು. ಅದನ್ನು ನುಂಗುವವರಿಗೆ ಚಿಕ್ಕ ಗೀರಾದರೂ ರಕ್ತ ಬೇಗ ನಿಲ್ಲುವುದಿಲ್ಲ. ಪುಟ್ಟ ಒಂದು ಗೀರು ಹಾಕಲಿ ಎಂದು ಕಾಯುತ್ತಿದ್ದೆ. ಒಂದೇ ಒಂದು ಹನಿ ರಕ್ತ ಬಂದರೂ ಸಾಕಾಗಿತ್ತು ನನಗೆ. ಅವನು ಹಾಕಬೇಕಲ್ಲ! ಎರಡು ಬೆರಳಿನಲ್ಲಿ ಚರ್ಮ ಹಿಗ್ಗಿಸಿ, ಎಡಗಡೆ ಕುತ್ತಿಗೆಯಲ್ಲಿ ಕತ್ತಿಯ ಭಾರವೇ ತಾಗದ ಹಾಗೆ ಎಳೆಯುತ್ತಿದ್ದ. ಕೆಲವೊಮ್ಮೆ ಅಲ್ಲಿಗೆ ಬಂದು ಅವನ ಕೈ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ತಾನು ಬೋಳಿಸಿದ್ದನ್ನು ತಾನೇ ಮೆಚ್ಚಿಕೊಳ್ಳುತ್ತಿದ್ದಾನೆ ಎಂದು ಹಲ್ಲು ಕಡಿಯುತ್ತಿದ್ದೆ.

ಅವನು ಹೋದ ಮೇಲೆ ಮಂಚದ ಮೇಲೆ ಕೂತು ಅಂಗಡಿಯನ್ನು ಕಲ್ಪಿಸಿಕೊಳ್ಳುತ್ತಿದ್ದೆ. ಈಗ ಅವನು ಬಾಗಿಲ ಪಕ್ಕದ ಕುರ್ಚಿಗೆ ಬಂದಿರುತ್ತಾನೆ. ನನ್ನ ಕತ್ತರಿ ಹಿಡಿದಿರುತ್ತಾನೆ. ಬೆಂಚು ತುಂಬಿರುತ್ತದೆ. ಟಕ್, ಆಹಾ. ಟಕ್, ಆಹಾ. ನನಗೆ ಊಟ ಸೇರುತ್ತಿರಲಿಲ್ಲ. ಆದರೆ ನನ್ನ ಹತ್ತಿರ ಒಂದು ಅಸ್ತ್ರವಿತ್ತು. ನನಗೆ ಹೀಗಾದದ್ದು ಯಾರ ಕೈಯಿಂದ ಎಂದು ನನಗೊಬ್ಬನಿಗೇ ಗೊತ್ತು. ಮಾತು ಬರಲಿ, ಆಗ ನೋಡಿಕೊಳ್ಳುತ್ತೇನೆ. ಒಂದೇ ಮಾತು ಸಾಕು, ಅಂಗಡಿ ನನ್ನದು, ಬೀದಿ ನನ್ನದು, ಇವನ ಕೈಗುಣಕ್ಕೆ ಅವತ್ತೇ ಬೆಂಕಿ.

ಮಾತು ಕಲಿಸಲು ಆಸ್ಪತ್ರೆಯಲ್ಲಿ ಒಬ್ಬ ಟೀಚರಮ್ಮ ಇದ್ದರು. ಚಿಕ್ಕ ವಯಸ್ಸು, ದೊಡ್ಡ ತಾಳ್ಮೆ. ಚಿತ್ರದ ಕಾರ್ಡು ತೋರಿಸಿ "ಇದೇನು?" ಅನ್ನುವರು. ಬೆಕ್ಕು, ಬೀಗ, ಬಕೆಟ್ಟು. ನನಗೆ ಬೆಕ್ಕು ಕಟ್ಟಿಕೊಂಡು ಏನಾಗಬೇಕು? ಅವರೇ ಒಂದು ದಿನ, "ನಿಮಗೆ ಯಾರಿಗಾದ್ರೂ ಏನಾದ್ರೂ ಹೇಳ್ಲೇಬೇಕು ಅಂತ ಇದೆಯಾ? ಅಂಥದ್ದನ್ನ ಅಭ್ಯಾಸ ಮಾಡಿ, ಬೇಗ ಬರುತ್ತೆ," ಎಂದರು. ನನ್ನ ಕಣ್ಣು ಅರಳಿತು. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ನಲ್ಲಿ ತಿರುಗಿಸಿಟ್ಟು, ಕನ್ನಡಿಗೆ ಹೇಳತೊಡಗಿದೆ: ನನ್ನ ಕುತ್ತಿಗೆ ತಿರುಚಿದ್ದು ನೀನು. 'ನನ್ನ' ಎರಡು ದಿನದಲ್ಲಿ ಬಂತು. 'ಕುತ್ತಿಗೆ' ಎರಡು ವಾರ ತಿಂದಿತು. 'ತಿರುಚಿದ್ದು' ಇದೆಯಲ್ಲ, ಅದು ನಾಲಿಗೆಯ ಮೇಲೆ ನಿಲ್ಲದೆ ಒಂದು ತಿಂಗಳು ಒದ್ದಾಡಿಸಿತು. 'ನೀನು' ಮಾತ್ರ ಮೊದಲ ದಿನವೇ ಸಲೀಸಾಗಿ ಬಂತು. ಈ ನಾಲ್ಕು ಮಾತಿನ ಹಿಂದೆ ಬಿದ್ದು, ಅದರ ಬಾಲ ಹಿಡಿದುಕೊಂಡು ಬೇರೆ ಮಾತುಗಳೂ ಬಂದವು. ಕೈಗೆ ಹೆಂಡತಿಯ ಅಂಗಡಿಯ ಬಟ್ಟೆ ಕ್ಲಿಪ್ಪು ಕೊಟ್ಟಿದ್ದರು. ದಿನಕ್ಕೆ ಇನ್ನೂರು ಸಲ ಒತ್ತಿ ಬಿಡಬೇಕು. ಪ್ರತಿ ಒತ್ತಿಗೂ ಪುಟ್ಟನ ಮೂಗು ನೆನೆಸಿಕೊಳ್ಳುತ್ತಿದ್ದೆ. ಟೀಚರಮ್ಮನಿಗೆ ಆಶ್ಚರ್ಯ: "ಎಷ್ಟು ಛಲ ನಿಮ್ಮದು!"

ಮೂರು ತಿಂಗಳಾದ ಮೇಲೆ ಡಾಕ್ಟರಮ್ಮನ ಹತ್ತಿರ ಪರೀಕ್ಷೆಗೆ ಹೋದೆವು. ಸ್ಕ್ಯಾನ್ ನೋಡಿ, ಸ್ಟೆಂಟ್ ಚೆನ್ನಾಗಿ ಕೂತಿದೆ, ರಕ್ತ ಸಲೀಸಾಗಿ ಹರಿಯುತ್ತಿದೆ ಎಂದರು. ನಾನು ಹೆಂಡತಿಯ ಕಡೆ ಒಮ್ಮೆ ನೋಡಿ, ಉಸಿರು ತುಂಬಿಕೊಂಡೆ. ಅಸ್ತ್ರವನ್ನು ಮೊದಲು ಇಲ್ಲೇ ಪರೀಕ್ಷಿಸೋಣವೆಂದು.

"ನನ್ನ… ಕುತ್ತಿಗೆ… ತಿರುಚಿದ್ದು…"

"ಗೊತ್ತಲ್ಲ," ಎಂದರು ಡಾಕ್ಟರಮ್ಮ ಬರೆಯುತ್ತಲೇ. "ನಿಮ್ಮ ಭಾಮೈದ ಆವತ್ತೇ ಹೇಳಿದ್ರಲ್ಲ. ಔಷಧಿ ತಂದ್ಕೊಟ್ಟು, 'ನಾನೇ ಮೇಡಂ, ಬೆಳಗ್ಗೆ ನಾನೇ ತಿರುಚಿದ್ದು' ಅಂತ ಕಾರಿಡಾರಲ್ಲಿ ನಿಂತು ಅಳ್ತಿದ್ರು. ಫೈಲಲ್ಲೂ ಬರೆದಿದೆ. ಬಲವಾಗಿ ತಿರುಚಿದ್ರೆ ಅಪರೂಪಕ್ಕೆ ಹೀಗೆ ಹರಿಯುತ್ತೆ. ಇನ್ಮೇಲೆ ಯಾರಿಗೂ ಮಾಡಬೇಡಿ ಅಂತ ಅವರಿಗೂ ಹೇಳಿದೀನಿ."

ನಾನು ಹೆಂಡತಿಯ ಕಡೆ ತಿರುಗಿದೆ. ಅವಳು ಕೈಚೀಲದ ಜಿಪ್ಪನ್ನು ಹಾಕುತ್ತಾ ತೆಗೆಯುತ್ತಾ ಕೂತಿದ್ದಳು.

"ನಿಂಗೂ… ಗೊತ್ತಾ?"

"ಹೇಳಿದ್ರೆ ನೀವು ಅವನನ್ನ ಬಿಡ್ತಿದ್ರಾ? ಮೊದಲೇ ನಿಮ್ಗೆ ಅವನನ್ನ ಕಂಡ್ರೆ ಆಗಲ್ಲ," ಎಂದಳು. ಆಮೇಲೆ ಮೆಲ್ಲಗೆ, "ಅವನು ಸರಿಯಾಗಿ ಉಂಡು ಮೂರು ತಿಂಗಳಾಯ್ತು ರೀ. ಕಾಫಿ ಒಂದು ಕುಡೀತಾನಲ್ಲ ಅಂತ ಮೊದಲು ಅವನಿಗೇ ಕೊಡ್ತಿದ್ದೆ."

ಮೂರು ತಿಂಗಳು ಬಚ್ಚಲುಮನೆಯಲ್ಲಿ ಹಲ್ಲು ಮುರಿದುಕೊಂಡು ಕಲಿತ ಮಾತನ್ನು ಆ ಮೌನಿ ಮೊದಲ ದಿನವೇ ಆಡಿ ಮುಗಿಸಿದ್ದ! ನನ್ನ ಮಾತನ್ನೂ ಅವನೇ ಕಸಿದುಕೊಂಡಿದ್ದ. ಕೋಪಕ್ಕೆ ಕಣ್ಣಲ್ಲಿ ನೀರು ಬಂತು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಮಾತ್ರ ಇನ್ನೊಂದು ವಿಷಯ ಹೊಳೆಯಿತು. ಇವರಿಗೆಲ್ಲ ಗೊತ್ತಿರುವುದು ಅರ್ಧ. ನಾನು ಕತ್ತು ಬಿಗಿ ಹಿಡಿದದ್ದು ಫೈಲಿನಲ್ಲಿಲ್ಲ. ಅದು ನಿಜವಾಗಿಯೂ ನನಗೊಬ್ಬನಿಗೇ ಗೊತ್ತು.

ಹೇಳದಿದ್ದರೆ ಏನಾಗುತ್ತದೆ? ಏನೂ ಇಲ್ಲ. ಪುಟ್ಟ ಬದುಕಿರುವವರೆಗೂ ನನ್ನ ಎದುರು ತಲೆ ತಗ್ಗಿಸಿಕೊಂಡಿರುತ್ತಾನೆ. ಇದಕ್ಕಿಂತ ರುಚಿಯಾದದ್ದು ಇನ್ನೇನಿದೆ? ನಿಜ ಹೇಳುತ್ತೇನೆ, ನನಗೆ ಆ ಕ್ಷಣ ಬಾಯಲ್ಲಿ ನೀರೂರಿತು.

"ಅಂಗಡಿಗೆ… ಹೋಗೋಣ," ಎಂದೆ.

ಅಂಗಡಿಯ ಬೆಂಚು ಖಾಲಿ. ಬಾಗಿಲ ಪಕ್ಕದ ನನ್ನ ಕುರ್ಚಿಗೆ ಬಿಳಿ ಬಟ್ಟೆ ಹೊದಿಸಿತ್ತು. ನನ್ನ ಕತ್ತರಿ, ಬಾಚಣಿಗೆ ಎಲ್ಲ ಕನ್ನಡಿಯ ಕೆಳಗೆ ಆವತ್ತು ಇದ್ದ ಹಾಗೇ ಸಾಲಾಗಿದ್ದವು, ಒಂದಿಷ್ಟೂ ಧೂಳಿಲ್ಲ. ಪುಟ್ಟ ಒಳಗಿನ ಕುರ್ಚಿಯಲ್ಲೇ ಪೋಸ್ಟ್ ಮಾಸ್ಟರ ಕಟಿಂಗ್ ಮುಗಿಸುತ್ತಿದ್ದ. ಮೂರು ತಿಂಗಳು ಅವನು ನನಗೆ ಗಡ್ಡ ಮಾಡಿದ್ದ, ಒಂದು ಸಲವೂ ನಾನು ಅವನ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ಕೆನ್ನೆ ಒಳಕ್ಕೆ ಹೋಗಿತ್ತು. ಅಂಗಿಯ ಗುಂಡಿಗೂ ಹೊಟ್ಟೆಗೂ ರಾಜಿಯಾಗಿತ್ತು.

"ಬಂದ್ಯಾ, ಒಳ್ಳೇದಾಯ್ತು ಬಾ," ಎಂದರು ಪೋಸ್ಟ್ ಮಾಸ್ಟರು. "ನಿನ್ನ ಭಾಮೈದನಿಗೆ ಸ್ವಲ್ಪ ಬುದ್ಧಿ ಹೇಳು. ನೆಟಿಕೆ ತೆಗೆಯಲ್ಲ ಅಂತಾನೆ. ಯಾಕೋ ಅಂದ್ರೆ ಹೂಂ ಅಂತಾನೆ. ಅರ್ಧ ಗಿರಾಕಿಗಳು ಎದುರಿನ ಅಂಗಡಿ ಸೇರ್ಕೊಂಡ್ರು. ನಾನೂ ಇವತ್ತೇ ಕೊನೆ."

"ತೆಗೆಯಲ್ಲ ಸಾರ್," ಎಂದ ಪುಟ್ಟ. "ಅಲ್ಲೂ ತೆಗೆಸ್ಕೋಬೇಡಿ." ನನ್ನನ್ನು ನೋಡಿ ಕತ್ತರಿ ಕೆಳಗಿಟ್ಟ. "ಕೂತ್ಕೊಳ್ಳಿ ಭಾವ."

ನಾನು ಕೂರಲಿಲ್ಲ. ಆವತ್ತು ಚಪ್ಪಾಳೆ ತಟ್ಟಿದ ಪೋಸ್ಟ್ ಮಾಸ್ಟರೇ ಇದ್ದರು, ಅದೇ ಕನ್ನಡಿ ಇತ್ತು. ಅಭ್ಯಾಸ ಮಾಡಿದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು, ಅಷ್ಟು ಸಲೀಸು. ಈಗ ಬೇಕಾಗಿದ್ದ ಮಾತನ್ನು ಒಮ್ಮೆಯೂ ಅಭ್ಯಾಸ ಮಾಡಿರಲಿಲ್ಲ.

"ಅದು… ಅದು…" ಎಂದೆ. "ನಾನು… ಆವತ್ತು… ಕತ್ತು… ಬಿಗಿ…" ಮುಂದಕ್ಕೆ ಬರಲಿಲ್ಲ. ಎಡಗೈಯಿಂದ ನನ್ನ ಕುತ್ತಿಗೆಯನ್ನೇ ಹಿಡಿದು ಗಟ್ಟಿ ಮಾಡಿ ತೋರಿಸಿದೆ. "ಬೇಕೂಂತ. ಹೊಟ್ಟೆ… ಹೊಟ್ಟೆಕಿಚ್ಚು."

ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಪೋಸ್ಟ್ ಮಾಸ್ಟರು ಕೊರಳಿಗೆ ಕಟ್ಟಿದ್ದ ಬಟ್ಟೆಯನ್ನು ತಾವೇ ಬಿಚ್ಚತೊಡಗಿದರು. ಪುಟ್ಟ ಹೂಂ ಅನ್ನುತ್ತಾನೆ, ಅಷ್ಟಕ್ಕೇ ಮುಗಿಯುತ್ತದೆ ಎಂದುಕೊಂಡೆ.

"ಗೊತ್ತಿತ್ತು ಭಾವ," ಎಂದ. "ಕೈ ಇಟ್ಟ ಕೂಡ್ಲೇ ಗೊತ್ತಾಯ್ತು. ಅದೊಂದು ಗೊತ್ತಾಗ್ದೇ ಇದ್ರೆ ನಾನು ಕಲಿತಿದ್ದಾದ್ರೂ ಏನು? ಕೈ ತೆಗೀಬೇಕಿತ್ತು. ಆದ್ರೆ ಎಲ್ಲಾರೂ ನಗ್ತಿದ್ರಲ್ಲ. ಹದಿನಾಲ್ಕು ವರ್ಷ ಆಯ್ತು ಭಾವ, ನೀವೊಂದ್ ಮಾತಾಡಿದ್ರೆ ಅಂಗಡಿಯೆಲ್ಲ ನಗುತ್ತೆ. ನಾನು ಮೂಲೇಲಿ ನಿಂತ್ಕೊಂಡು, ನಂಗೊಂದು ನಗೆಮಾತು ಯಾಕ್ ಬರಲ್ಲ, ನನ್ನ ನೋಡಿ ಯಾರೂ ಯಾಕ್ ನಗಲ್ಲ ಅಂತ ಒಳಗೊಳಗೇ ಬೇಯ್ತಿದ್ದೆ. ಆವತ್ತು ಕೂಡ ನಿಮ್ ಮಾತಿಗೇ ನಕ್ಕರು. ಒಂದ್ಸಲ, ಒಂದೇ ಒಂದ್ಸಲ ಗೆಲ್ಲೋಣ ಅನ್ನಿಸ್ತು. ಬಿಗಿ ಇದೆ ಅಂತ ಗೊತ್ತಿದ್ದೇ ತಿರುವಿದೆ. ಡಾಕ್ಟರಮ್ಮಂಗೆ ಇದನ್ನ ಹೇಳ್ಲಿಲ್ಲ. ಅಕ್ಕಂಗೂ ಹೇಳ್ಲಿಲ್ಲ."

ಹದಿನಾಲ್ಕು ವರ್ಷದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು. ಕೇಳುತ್ತಾ ಪೋಸ್ಟ್ ಮಾಸ್ಟರು ಕಣ್ಣೊರೆಸಿಕೊಂಡರು. ನನ್ನ ಮಾತಿಗೆ ಜನ ನಕ್ಕಿದ್ದುಂಟು, ಅಂಗಡಿಯಲ್ಲಿ ಒಬ್ಬರೂ ಎಂದೂ ಅತ್ತಿರಲಿಲ್ಲ. ಅಲ್ಲಿ ನಿಂತು ನನಗೆ ಅದಕ್ಕೂ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ?

ನಾನು ಹೋಗಿ ನನ್ನ ಕುರ್ಚಿಯ ಬಿಳಿ ಬಟ್ಟೆ ಎಳೆದು ತೆಗೆದೆ. "ಕೂತ್ಕೋ," ಎಂದೆ.

"ಯಾರು?"

"ನೀನೇ. ಕಾಡಾಗಿದೆ… ತಲೆ."

ಅವನು ನನ್ನ ಬಲಗೈಯನ್ನು ನೋಡಿದ. ಕತ್ತರಿ ಹಿಡಿದ ಬೆರಳು ಅದುರುತ್ತಿತ್ತು. ಹೆಂಡತಿ "ರೀ, ಬೇಡಾರೀ," ಎಂದಳು. ಪುಟ್ಟ ಬಂದು ಕೂತ. ಎಡಗೈಯಿಂದ ಅವನ ತಲೆಯನ್ನು ಮುಂದಕ್ಕೆ ಬಗ್ಗಿಸಿದೆ. ಅವನ ಕತ್ತು ಎಷ್ಟು ಸಡಿಲವಾಗಿತ್ತೆಂದರೆ, ತಲೆಯ ಭಾರವೆಲ್ಲ ನನ್ನ ಅಂಗೈಗೆ ಬಂದು ಕೂತಿತು.

ಕಟಿಂಗಿಗೆ ಒಂದೂಕಾಲು ಗಂಟೆ ಹಿಡಿಯಿತು. ಕೂದಲಿನಲ್ಲಿ ಬಲಗಡೆ ಒಂದು ಮೆಟ್ಟಿಲು, ಎಡಗಡೆ ಎರಡು ಮೆಟ್ಟಿಲು ಬಿದ್ದಿತು. ಪೋಸ್ಟ್ ಮಾಸ್ಟರು ಮುಗಿಯುವವರೆಗೂ ಬೆಂಚಿನ ಮೇಲೆ ಕೂತು ಪೇಪರಿನ ಒಂದೇ ಪುಟ ನೋಡುತ್ತಿದ್ದರು. ಪುಟ್ಟ ಕನ್ನಡಿಯಲ್ಲಿ ತನ್ನ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡ.

"ಭಾವ," ಎಂದ, "ಬಲೂನಾಗಿದ್ರೆ ಇಷ್ಟೊತ್ತಿಗೆ ಹನ್ನೆರಡನೇದೂ ಒಡೆದಿರ್ತಿತ್ತು."

ಅಂಗಡಿಯೆಲ್ಲ ನಕ್ಕಿತು. ಪೋಸ್ಟ್ ಮಾಸ್ಟರು ತೊಡೆ ತಟ್ಟಿಕೊಂಡು ನಕ್ಕರು, ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಹದಿನಾಲ್ಕು ವರ್ಷದಲ್ಲಿ ಪುಟ್ಟನ ಮೊದಲ ನಗೆಮಾತು, ಅದೂ ನನ್ನ ಮೇಲೆ, ನನ್ನ ಕುರ್ಚಿಯಲ್ಲಿ ಕೂತು. ನಾನೂ ನಕ್ಕೆ, ನಗದೆ ಏನು ಮಾಡಲಿ? ಅದಕ್ಕೆ ತಕ್ಕ ಉತ್ತರವೊಂದು ನನ್ನ ಹತ್ತಿರ ಇತ್ತು. ಅದು ನಾಲಿಗೆಗೆ ಬರುವಷ್ಟರಲ್ಲಿ ಅವನು ಎದ್ದು, ಟವೆಲ್ ಕೊಡವಿ, ತನ್ನ ಕುರ್ಚಿಯ ಹಿಂದೆ ಹೋಗಿ ನಿಂತಿದ್ದ.